ಗೊಬ್ಬರ ಗುಂಡಿಯಲ್ಲಿ ಕರಗದ ಲೋಟ

ಮಾನ್ಯ ಸಂಪಾದಕರೇ,

ಹೋದ ವರ್ಷ ನಮ್ಮಲ್ಲಿ ಮೊಮ್ಮಗನ ಉಪನಯನ ಇತ್ತು. ಊಟ ಬಾಳೆಲೆಯಲ್ಲೇ, ಆದ್ರೆ ಪಾಯಸಕ್ಕೆ ಮಜ್ಜಿಗೆಗೆ ಲೋಟ ಬೇಕಲ್ಲ, ಅಳಿಯ ಪೇಟೆಯಿಂದ 'ಜೋಳದ ಪಿಷ್ಟದ್ದು, ಮಣ್ಣಲ್ಲಿ ಕರಗ್ತದೆ' ಅಂತ ಅಂಗಡಿಯವ ಹೇಳಿದ್ದನ್ನ ನಂಬಿ ದುಪ್ಪಟ್ಟು ರೇಟು ಕೊಟ್ಟು ತಂದ. ಮೊದಲ ಪಂಕ್ತಿಯಲ್ಲಿ ಬಿಸಿ ಪಾಯಸ ಹೊಯ್ದ ಕೂಡಲೇ ಲೋಟ ಮೆತ್ತಗಾಗಿ ಒಂದು ಬದಿಗೆ ವಾಲಿತು, ಬಡಿಸುವ ಹುಡುಗರಿಗೆ ನಗು, ನನಗೆ ಮರ್ಯಾದೆ ಪ್ರಶ್ನೆ. ಮತ್ತೆ ಎಂಜಲೆಲೆ ಜೊತೆ ಎಲ್ಲವನ್ನೂ ತೋಟದ ಗೊಬ್ಬರ ಗುಂಡಿಗೆ ಹಾಕಿದ್ವು. ಈ ಸಲ ಅಡಿಕೆ ಬುಡಕ್ಕೆ ಗೊಬ್ಬರ ತೆಗೆಯುವಾಗ ನೋಡಿದ್ರೆ ಬಾಳೆಲೆಯ ಸುಳಿವೇ ಇಲ್ಲ, ಲೋಟ ಮಾತ್ರ ಮಣ್ಣು ಮೆತ್ತಿಕೊಂಡು ಹಾಗೇ ಉಂಟು, ತೊಳೆದ್ರೆ ಇನ್ನೊಂದು ಪಂಕ್ತಿಗೆ ಆಗ್ತಿತ್ತು.

ಅಂಗಡಿಯವ ಪೂರ್ತಿ ಸುಳ್ಳು ಹೇಳಿದ್ದಲ್ಲ, ಅರ್ಧ ಹೇಳಿದ್ದು. ಪ್ಯಾಕೆಟ್ ಮೇಲೆ ಸಣ್ಣಕ್ಷರದಲ್ಲಿ ಪಿಎಲ್‌ಎ ಅಂತ ಇತ್ತು. ಜೋಳ, ಕಬ್ಬು ಇಂಥದ್ರಿಂದ ಲ್ಯಾಕ್ಟಿಕ್ ಆಸಿಡ್ ತೆಗೆದು ಮಾಡುವ ಪ್ಲಾಸ್ಟಿಕ್ ಅದು, 60 ಡಿಗ್ರಿ ಹತ್ರ ಬಂದ್ರೆ ಮೆತ್ತಗಾಗ್ತದೆ. ಇದಕ್ಕೆಲ್ಲ ಐಎಸ್‌ಒ 17088 ಅಂತ ಒಂದು ಅಂತರರಾಷ್ಟ್ರೀಯ ಮಾನದಂಡ ಉಂಟು, 180 ದಿನದೊಳಗೆ ಶೇ. 90ರಷ್ಟು ಕೊಳೀಬೇಕು, ಆದ್ರೆ ಆ ಪರೀಕ್ಷೆ ನಡೆಯೋದು 58 ಡಿಗ್ರಿ ಆಸುಪಾಸಿನ ಬಿಸಿಯಲ್ಲಿ, ಅಂದ್ರೆ ದೊಡ್ಡ ಕಾಂಪೋಸ್ಟ್ ಪ್ಲಾಂಟಿನ ಲೆಕ್ಕ. ಆಟಿ ತಿಂಗಳ ಮಳೆಗೆ ನೀರು ನಿಂತು ತಣ್ಣಗಾಗುವ ನಮ್ಮ ಗುಂಡಿಗೆ ಆ ಲೆಕ್ಕ ಹೇಗೆ ಹೊಂದ್ತದೆ?

ಇನ್ನು ನಮ್ಮ ಅಡಿಕೆ ಹಾಳೆ ತಟ್ಟೆಯ ಕಥೆ ಕೇಳಿ. ನಮ್ಮ ಕೇರಳದಲ್ಲಿ 2020 ಜನವರಿ 1ರಿಂದ, ದೇಶಕ್ಕೇ 2022 ಜುಲೈ 1ರಿಂದ ಒಂದ್ಸಲ ಬಳಸಿ ಬಿಸಾಡುವ ಪ್ಲಾಸ್ಟಿಕ್ ಸಾಮಾನಿಗೆ ನಿಷೇಧ ಬಂದಾಗ ಹಾಳೆಗೆ ಒಳ್ಳೆ ಕಾಲ ಬಂತು ಅಂದ್ಕೊಂಡಿದ್ವು. ಬಿದ್ದ ಹಾಳೆ ಹೆಕ್ಕಿ, ನೀರಲ್ಲಿ ನೆನೆಸಿ, ಬ್ರಶ್ ಹಾಕಿ ತಿಕ್ಕಿ, ಬಿಸಿ ಅಚ್ಚಲ್ಲಿ ಒತ್ತಿದ್ರೆ ಆಯ್ತು, ಅಂಟಿಲ್ಲ ಬಣ್ಣ ಇಲ್ಲ. ಮಳೆಗಾಲದಲ್ಲಿ ಬೂಸು ಹಿಡಿಯದ ಹಾಗೆ ಇಡೋದೇ ದೊಡ್ಡ ತಲೆನೋವು, ಅದು ಬಿಟ್ರೆ ನಮ್ಮ ನೆರೆಯವರು ಎರಡು ಮೆಷಿನ್ ಇಟ್ಕೊಂಡು ಚೆನ್ನಾಗೇ ಇದ್ರು. 2025ರ ಮೇಯಲ್ಲಿ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹಾಳೆ ತಟ್ಟೆ ಬೇಡ ಅಂತು, ಅಡಿಕೆ ಮರದ ಆಲ್ಕಲಾಯ್ಡ್ (ಅರೆಕೊಲಿನ್‌ನಂಥ ಸಹಜ ರಾಸಾಯನಿಕ) ಊಟಕ್ಕೆ ಇಳೀಬಹುದು ಅಂತ. ಸುದ್ದಿ ಬಂದದ್ದೇ, ಇಲ್ಲಿನ ಕ್ಯಾಟರಿಂಗ್‌ನವರೂ ನೆರೆಯವರ ಹತ್ರ 'ಎಂತ ಮಾರಾಯ್ರೆ, ವಿಷವಂತೆ' ಅಂತ ಕೇಳ್ಲಿಕ್ಕೆ ಶುರು.

ನಾನು ಅಡಿಕೆ ಬೆಳೆಗಾರ, ನನಗೆ ಸಿಟ್ಟು ಬರೋದು ಸಹಜ. ಆದ್ರೆ ಸಿಟ್ಟಿನಿಂದ ಉತ್ತರ ಆಗೋದಿಲ್ಲ, ಡಬ್ಲ್ಯುಎಚ್‌ಒದ ಕ್ಯಾನ್ಸರ್ ಸಂಸ್ಥೆ ಅಡಿಕೆಯನ್ನ 2004ರಲ್ಲೇ ಕ್ಯಾನ್ಸರ್‌ಕಾರಕ ಅಂತ ಪಟ್ಟಿ ಮಾಡಿದೆ. ಜಗಿಯೋದು ಬೇರೆ, ಹಾಳೆಯಲ್ಲಿ ಒಂದು ಹೊತ್ತು ಉಣ್ಣೋದು ಬೇರೆ ಅಂತ ನನ್ನ ಬುದ್ಧಿ ಹೇಳ್ತದೆ, ಆದ್ರೆ ಬುದ್ಧಿಗೆ ಅಂಕಿ ಬೇಕಲ್ಲ. ಹುಳಿ ಸಾರು, ಬಿಸಿ ಅನ್ನ, ಎಣ್ಣೆ ಪಲ್ಯ ಅರ್ಧ ಗಂಟೆ ಹಾಳೆಯಲ್ಲಿ ಇದ್ರೆ ಅರೆಕೊಲಿನ್ ಎಷ್ಟು ಇಳೀತದೆ? ಮೈಲುತುತ್ತು ಸಿಂಪಡಿಸಿದ ತೋಟದ ಹಾಳೆಯನ್ನ ಎಷ್ಟು ಸಲ ತೊಳೀಬೇಕು? 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರ ಅಂತ ಶುರುವಾದ, ತೋಟದ ಬೆಳೆಗಳ ಕೇಂದ್ರ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ಕಾಸರಗೋಡಲ್ಲೇ ಉಂಟು, ವಿಟ್ಲದಲ್ಲಿ ಅವರದ್ದೇ ಅಡಿಕೆ ಕೇಂದ್ರ ಉಂಟು. ಇದಕ್ಕೆಲ್ಲ ಉತ್ತರ ಕನ್ನಡದಲ್ಲಿ, ಒಂದು ಪುಟದಲ್ಲಿ, ಹಾಳೆ ಒತ್ತುವವರ ಕೈಗೆ ಸಿಗಬೇಕು, ಅದು ನಮಗೆ ಸಿಹಿಯೋ ಕಹಿಯೋ ಆಮೇಲೆ ನೋಡುವ.

ಅದೇ ರೀತಿ 'ಕಂಪೋಸ್ಟೆಬಲ್' ಅಂತ ಮಾರುವವರು ಮನೆ ಗುಂಡಿಯಲ್ಲಿ ಕೊಳೀತದಾ ಇಲ್ವಾ ಅಂತ ದೊಡ್ಡಕ್ಷರದಲ್ಲಿ ಬರೀಲಿ. (ಗೋಳಿಬಜೆಯನ್ನ ಈಗಲೂ ನಿಮ್ಮ ಪೇಪರಲ್ಲೇ ಕಟ್ಟಿ ಕೊಡ್ತಾರೆ, ಶಾಯಿಯ ಕಾರಣಕ್ಕೆ ಅದೂ ಕೂಡದು ಅಂತ ದೇಶದ ಆಹಾರ ಸುರಕ್ಷತಾ ಸಂಸ್ಥೆ ಎಫ್‌ಎಸ್‌ಎಸ್‌ಎಐ ನಿಯಮ ಇದೆ, ಬೇಜಾರು ಮಾಡ್ಬೇಡಿ.)

ಗುಂಡಿಯಿಂದ ತೆಗೆದ ಲೋಟ ಒಂದು ಗೋಣಿ ಆಯ್ತು. ತಿಂಗಳಿಗೊಮ್ಮೆ ಪ್ಲಾಸ್ಟಿಕ್ ಒಯ್ಯಲಿಕ್ಕೆ ಬರುವ ಅಕ್ಕಂದಿರಿಗೆ ಕೊಡ್ಲಿಕ್ಕೆ ಹೋದ್ರೆ ಅವರು ತಿರುಗಿಸಿ ಓದಿ, 'ಇದು ಪ್ಲಾಸ್ಟಿಕ್ ಅಲ್ಲ ಅಂತ ಬರ್ದಿದೆಯಲ್ಲಾ' ಅಂತ ವಾಪಸ್ ಕೊಟ್ರು.

ಒಬ್ಬ ಅಡಿಕೆ ಕೃಷಿಕ, ಬದಿಯಡ್ಕ