ಬೆಂಕಿಯ ತನಕ ಕಲಿಸಬೇಕು: ಗೆಳೆಯನಿಗೊಂದು ಪತ್ರ

ದಾವಣಗೆರೆ

ಪ್ರಿಯ ಗೆಳೆಯ,

ನಿನ್ನ ಪತ್ರ ತಲುಪಿತು. ನೀನು ಪಾಠ ಹೇಳುವ ಕಲಾಶಾಲೆಯವರು ಸೆರಾಮಿಕ್ ಶಿಲ್ಪಕ್ಕೆಂದೇ ಒಂದು ಕೊಠಡಿಯನ್ನು ಬಿಟ್ಟುಕೊಡಲು ಒಪ್ಪಿದ್ದಾರೆ ಎಂಬ ಸುದ್ದಿ ಓದಿ ಬಹಳ ಸಂತೋಷವಾಯಿತು. ಮಣ್ಣು ಸುಡುವ ಯಾವ ಗೂಡು ಕೊಳ್ಳಬೇಕು, ಮಣ್ಣನ್ನು ಎಲ್ಲಿಂದ ತರಿಸಬೇಕು, ಮೊದಲ ವರ್ಷದ ಮಕ್ಕಳಿಗೆ ಏನನ್ನು ಕಲಿಸಬೇಕು ಎಂದು ಕೇಳಿದ್ದೀಯ. ಕೊನೆಯ ಪ್ರಶ್ನೆ ಇತ್ಯರ್ಥವಾದರೆ ಮಿಕ್ಕ ಎರಡೂ ತಾವಾಗಿಯೇ ಬಗೆಹರಿಯುತ್ತವೆ. ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ. ನನ್ನ ಸ್ಟುಡಿಯೊದಲ್ಲಿ ಒಂದು ಕಟ್ಟುಪಾಡು ಇದೆ. ಶಿಲ್ಪ ಮಾಡಿದವರೇ ಅದನ್ನು ಒಣಗಿಸಬೇಕು, ಗೂಡಿನೊಳಗೆ ಜೋಡಿಸಬೇಕು, ಬೆಂಕಿಯ ಮುಂದೆ ಕೂರಬೇಕು, ಗೂಡು ಆರಿದ ಮೇಲೆ ತಮ್ಮ ಕೈಯಿಂದಲೇ ಹೊರತೆಗೆಯಬೇಕು. ಮಾಡುವವರು ಒಬ್ಬರು, ಸುಡುವವರು ಇನ್ನೊಬ್ಬರು ಎಂಬ ಪದ್ಧತಿಗೆ ನಿನ್ನ ಕೊಠಡಿಯಲ್ಲಿ ಜಾಗ ಕೊಡಬೇಡ. ನಾನು ಹೇಳಬೇಕಾದ ಮುಖ್ಯ ಮಾತು ಇದೇ.

ನಾವಿಬ್ಬರೂ ಶಿಲ್ಪ ಕಲಿತ ಬಗೆ ನಿನಗೆ ನೆನಪಿರಬೇಕು. ಕಬ್ಬಿಣದ ಸರಳು, ತಂತಿ, ಮರದ ತುಂಡುಗಳಿಂದ ಆರ್ಮೇಚರ್, ಅಂದರೆ ಒಳಗಿನ ಆಧಾರದ ಚೌಕಟ್ಟು ಕಟ್ಟಿ, ಅದರ ಮೇಲೆ ಮಣ್ಣು ಮೆತ್ತಿ, ಪ್ಲಾಸ್ಟರಿನಲ್ಲಿ ಅಚ್ಚು ತೆಗೆದು, ಕೊನೆಗೆ ಫೈಬರಿನಲ್ಲೋ ಸಿಮೆಂಟಿನಲ್ಲೋ ಎರಕ ಹೊಯ್ಯುತ್ತಿದ್ದೆವು. ಮಣ್ಣು ಮತ್ತೆ ತೊಟ್ಟಿಗೆ ಸೇರುತ್ತಿತ್ತು. ಇಲ್ಲಿನ ದೃಶ್ಯಕಲಾ ಮಹಾವಿದ್ಯಾಲಯದಲ್ಲಿ ಓದಿ ನನ್ನಲ್ಲಿಗೆ ಬರುವ ಹುಡುಗ ಹುಡುಗಿಯರ ಕೈ ಚೆನ್ನಾಗಿ ಪಳಗಿರುತ್ತದೆ, ಮುಖದ ಮೂಳೆಗಳ ಏರಿಳಿತವನ್ನು ಅವರು ಬಲ್ಲರು, ಆದರೆ ಕೆಲಸಕ್ಕೆ ಕೂತೊಡನೆ ಅವರ ಕಣ್ಣು ಹುಡುಕುವುದು ತಂತಿಯನ್ನು. ಹಸಿ ಮಣ್ಣು ಒಣಗಿ ಬೇಯುವಷ್ಟರಲ್ಲಿ ಸಾಮಾನ್ಯವಾಗಿ ಶೇಕಡಾ 8ರಿಂದ 12ರಷ್ಟು ಕುಗ್ಗುತ್ತದೆ; ಎರಡು ಅಡಿ ಎತ್ತರದ ಮೂರ್ತಿ ಗೂಡಿನಿಂದ ಹೊರಬರುವಾಗ ಎರಡು ಇಂಚಿಗೂ ಹೆಚ್ಚು ಗಿಡ್ಡವಾಗಿರಬಹುದು. ಒಳಗಿನ ಕಬ್ಬಿಣ ಕುಗ್ಗುವುದಿಲ್ಲ. ಕುಗ್ಗುವ ಮಣ್ಣು ಕುಗ್ಗದ ಸರಳನ್ನು ತಬ್ಬಿಕೊಂಡಿದ್ದರೆ ಬಿರುಕು ಬಿಡದೆ ಬೇರೆ ದಾರಿಯಿಲ್ಲ. ಇದನ್ನು ಬಾಯಿಯಲ್ಲಿ ಹೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ. ಒಣಗುತ್ತಿರುವ ತಮ್ಮದೇ ಶಿಲ್ಪದ ಮೊಣಕಾಲಿನಲ್ಲಿ ಕೂದಲೆಳೆಯಂಥ ಗೆರೆ ಕಾಣಿಸಿಕೊಂಡಾಗ ಮಾತ್ರ ಅದು ಮನಸ್ಸಿಗೆ ಇಳಿಯುತ್ತದೆ.

ಆಧಾರವಿಲ್ಲದೆ ಮಣ್ಣು ನಿಲ್ಲಬೇಕಾದರೆ ಅದರ ಗೋಡೆಯೇ ಆಧಾರವಾಗಬೇಕು. ಹೀಗಾಗಿ ಹೊರಮೈಯಿಂದ ಯೋಚಿಸಿ ರೂಢಿಯಾದವರಿಗೆ ಒಳಗಿನಿಂದ ಯೋಚಿಸುವುದನ್ನು ಕಲಿಸಬೇಕಾಗುತ್ತದೆ, ಮತ್ತು ಇದಕ್ಕೆ ಹಿಡಿಯುವಷ್ಟು ಸಮಯ ಮತ್ತಾವುದಕ್ಕೂ ಹಿಡಿಯುವುದಿಲ್ಲ. ಈ ವರ್ಷ ಬಂದ ಹುಡುಗಿಯೊಬ್ಬಳು ಮಲಗಿ ಮೆಲುಕು ಹಾಕುತ್ತಿರುವ ಎಮ್ಮೆಯನ್ನು ಗಟ್ಟಿ ಮಣ್ಣಿನಲ್ಲಿ ಮಾಡಿದ್ದಳು. ಕುತ್ತಿಗೆಯ ಮಡಿಕೆಗಳು, ಒಂದು ಕಡೆ ವಾಲಿದ ಹೊಟ್ಟೆ, ನೆಲಕ್ಕೆ ಒತ್ತಿದ ಗದ್ದ, ಎಲ್ಲವೂ ಸೊಗಸಾಗಿ ಬಂದಿದ್ದವು. ಮಣ್ಣು ಅರೆ ಒಣಗಿ ತೊಗಲಿನ ಹದಕ್ಕೆ ಬರುವ ತನಕ ಕಾಯಿಸಿ, ಬೆನ್ನುಮೂಳೆಯ ಉದ್ದಕ್ಕೂ ತಂತಿ ಎಳೆದು ಎಮ್ಮೆಯನ್ನು ಎರಡು ಹೋಳು ಮಾಡಲು ಹೇಳಿದೆ. ಅವಳು ಬಹಳ ಹೊತ್ತು ತಂತಿಯನ್ನು ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದಳು. ಕಡೆಗೆ ಕೊಯ್ದು, ಬಳೆಯಾಕಾರದ ತಂತಿಯ ಉಪಕರಣದಿಂದ ಒಳಗಿನ ಮಣ್ಣನ್ನು ಬಗೆಯುತ್ತಾ ಹೋದಳು. ಗೋಡೆ ಎಲ್ಲ ಕಡೆಯೂ ಒಂದೇ ದಪ್ಪಕ್ಕೆ ಬರಬೇಕು, ಅಂದರೆ ಸುಮಾರು ಹೆಬ್ಬೆರಳ ಗಾತ್ರ; ಕಣ್ಣಿಗೆ ಕಾಣದ್ದನ್ನು ಒಂದು ಕೈ ಒಳಗೆ, ಒಂದು ಕೈ ಹೊರಗೆ ಇಟ್ಟು ಅಳೆಯಬೇಕು. ಭುಜದ ಬಳಿ ದಪ್ಪ ಉಳಿದು ಹೊಟ್ಟೆಯ ಬಳಿ ತೆಳುವಾದರೆ ಎರಡೂ ಬೇರೆ ಬೇರೆ ವೇಗದಲ್ಲಿ ಒಣಗಿ, ನಡುವೆ ಸೀಳು ಬರುತ್ತದೆ. ಆಮೇಲೆ ಎರಡೂ ಅಂಚುಗಳನ್ನು ಮುಳ್ಳಿನಿಂದ ಗೀರಿ, ಅದೇ ಮಣ್ಣಿನ ಬಗ್ಗಡ ಸವರಿ, ಒತ್ತಿ ಕೂಡಿಸಿ, ಕೂಡಿದ ಗೆರೆಯ ಮೇಲೆ ಹಲಗೆಯಿಂದ ಮೆಲ್ಲಗೆ ತಟ್ಟಿದಳು. ತಟ್ಟಿದಾಗ ಬಂದ ಟೊಳ್ಳು ಸದ್ದು ಕೇಳಿ ಅವಳ ಮುಖ ಅರಳಿತು. ಅವಳ ಮುಂದಿನ ಎಮ್ಮೆ ಮೊದಲಿನಿಂದಲೇ ಪೊಳ್ಳಾಗಿ, ಮಣ್ಣಿನ ಹುರಿಗಳನ್ನು ಒಂದರ ಮೇಲೊಂದು ಸುತ್ತಿ ಎದ್ದಿತು, ಮತ್ತು ಅದರ ಹೊಟ್ಟೆಯಲ್ಲಿ ಮೊದಲನೆಯದರಲ್ಲಿ ಇಲ್ಲದಿದ್ದ ಉಸಿರು ಇತ್ತು.

ಶಿಲ್ಪದೊಳಗೆ ಗಾಳಿ ಸಿಕ್ಕಿಕೊಂಡರೆ ಗೂಡಿನಲ್ಲಿ ಸಿಡಿಯುತ್ತದೆ ಎಂಬ ಮಾತನ್ನು ನಿನ್ನ ವಿದ್ಯಾರ್ಥಿಗಳೂ ಕೇಳಿರುತ್ತಾರೆ. ಸಿಡಿಸುವುದು ಗಾಳಿಯಲ್ಲ, ನೀರು. ಮಣ್ಣಿನಲ್ಲಿ ಉಳಿದ ತೇವ ಆವಿಯಾದಾಗ ಸುಮಾರು 1,600 ಪಟ್ಟು ಹಿಗ್ಗುತ್ತದೆ. ದಪ್ಪ ಗೋಡೆಯೊಳಗಿಂದ ಅಷ್ಟು ಆವಿಗೆ ಒಮ್ಮೆಲೇ ಹೊರಬರಲು ದಾರಿ ಇಲ್ಲದಿದ್ದರೆ ಗೋಡೆಯೇ ಹಾರಿಹೋಗುತ್ತದೆ. ಅಡಿಯಲ್ಲಿ ತೂತು ಬಿಡುವುದು ಒಳ್ಳೆಯದೇ, ಒಳಮೈಯೂ ಅದರಿಂದ ಒಣಗುತ್ತದೆ, ಆದರೆ ತೂತು ಇದೆ ಎಂದು ಅವಸರ ಮಾಡುವಂತಿಲ್ಲ. ನಮ್ಮ ದಾವಣಗೆರೆಯ ಬೇಸಿಗೆಯ ಒಣಗಾಳಿಗೆ ಕೊಂಬು, ಕಿವಿ, ಬೆರಳಿನ ತುದಿಗಳು ಮಧ್ಯಾಹ್ನದೊಳಗೆ ಒಣಗಿ ಬೆಳ್ಳಗಾಗುತ್ತವೆ, ಹೊಟ್ಟೆ ಮಾತ್ರ ಹಸಿಯಾಗಿಯೇ ಇರುತ್ತದೆ. ತುದಿಗಳಿಗೆ ಪ್ಲಾಸ್ಟಿಕ್ ಸುತ್ತಿ, ಇಡೀ ಶಿಲ್ಪವನ್ನು ಸಡಿಲವಾಗಿ ಮುಚ್ಚಿ, ವಾರಗಟ್ಟಲೆ ಕಾಯಬೇಕು. ಒಣಗಿದೆಯೋ ಇಲ್ಲವೋ ಎಂದು ತಿಳಿಯಲು ಕೆನ್ನೆಗೆ ಒತ್ತಿ ನೋಡಲು ಹೇಳುತ್ತೇನೆ. ತಣ್ಣಗೆ ತಾಗಿದರೆ ಒಳಗೆ ಇನ್ನೂ ನೀರಿದೆ.

ಇನ್ನು ಗೂಡಿನ ಪಾಠ. ನನ್ನ ಮಟ್ಟಿಗೆ ಇದೇ ತರಗತಿ, ಉಳಿದದ್ದೆಲ್ಲ ಇದಕ್ಕೆ ಸಿದ್ಧತೆ. ಹಿಂದಿನ ರಾತ್ರಿಯಿಂದಲೇ ಸಣ್ಣ ಉರಿಯಿಟ್ಟು, 100 ಡಿಗ್ರಿ ಸೆಲ್ಸಿಯಸ್ ದಾಟದಂತೆ ನೋಡಿಕೊಳ್ಳುತ್ತೇವೆ. ಅರ್ಧ ಗಂಟೆಗೊಮ್ಮೆ ಬಿಸಿ ಅಳೆಯುವ ಪೈರೋಮೀಟರ್ ನೋಡಿ ಪುಸ್ತಕದಲ್ಲಿ ಬರೆಯುವ ಸರದಿ ಎಲ್ಲರಿಗೂ ಬರುತ್ತದೆ. ಸುಮಾರು 450ರಿಂದ 600 ಡಿಗ್ರಿಯ ನಡುವೆ ಮಣ್ಣಿನ ಕಣಗಳೊಳಗೆ ರಾಸಾಯನಿಕವಾಗಿ ಬೆಸೆದಿದ್ದ ನೀರೂ ಹೊರಟುಹೋಗುತ್ತದೆ. ಅಲ್ಲಿಂದ ಮುಂದೆ ಅದನ್ನು ನೀರಿನಲ್ಲಿ ನೆನೆಸಿದರೂ ಮತ್ತೆ ಕೆಸರಾಗದು. 573 ಡಿಗ್ರಿಯಲ್ಲಿ ಬೆಣಚುಕಲ್ಲಿನ ಹರಳುಗಳು ತಟ್ಟನೆ ಹಿಗ್ಗುತ್ತವೆ, ಆರುವಾಗ ಅದೇ ಬಿಸಿಯಲ್ಲಿ ತಟ್ಟನೆ ಕುಗ್ಗುತ್ತವೆ. ಆದ್ದರಿಂದ ಏರುವಾಗಲೂ ಇಳಿಯುವಾಗಲೂ ಆ ಮೆಟ್ಟಿಲನ್ನು ನಿಧಾನವಾಗಿ ದಾಟಬೇಕು. ಮೊದಲ ಸುಡುವಿಕೆ 1,000 ಡಿಗ್ರಿಯ ಸುತ್ತಮುತ್ತ ಮುಗಿಯುತ್ತದೆ. ಗ್ಲೇಜ್ (ಸುಟ್ಟಾಗ ಗಾಜಿನಂತಾಗುವ ಲೇಪ) ಹಚ್ಚಿದ, ಕಲ್ಲಿನಂತೆ ಗಟ್ಟಿಯಾಗುವ ಸ್ಟೋನ್‌ವೇರ್ 1,200 ದಾಟಿ ಬೇಯುತ್ತದೆ. ಅಷ್ಟು ಹೊತ್ತಿಗೆ ಇಣುಕುಕಿಂಡಿಯಲ್ಲಿ ಮಂದ ಕೆಂಪು ಕಿತ್ತಳೆಯಾಗಿ, ಕಿತ್ತಳೆ ಹಳದಿಗೆ ತಿರುಗಿರುತ್ತದೆ. ಅಂಕಿ ತೋರಿಸುವ ಮಾಪಕವಿದ್ದರೂ ಬಿಸಿಗೆ ಬಾಗುವ ಪುಟ್ಟ ಶಂಕುಗಳಾದ ಕೋನ್‌ಗಳನ್ನು ಇಡಿಸು. ಎಷ್ಟು ಹೊತ್ತು ಎಷ್ಟು ಬಿಸಿ ಉಂಡಿತು ಎಂಬುದನ್ನು ಬಾಗಿ ತೋರಿಸುವುದು ಕೋನ್ ಮಾತ್ರ. ಇಲ್ಲಿನ ಮಂಡಕ್ಕಿ ಭಟ್ಟಿಗಳಲ್ಲಿ ಮರಳು ಕಾದ ಹದವನ್ನು ಕೆಲಸಗಾರರು ನೋಟದಿಂದಲೇ ಹೇಳುವ ಹಾಗೆ, ಒಂದಷ್ಟು ಸುಡುವಿಕೆಗಳ ನಂತರ ಹುಡುಗರೂ ಕಿಂಡಿಯ ಬಣ್ಣದಿಂದಲೇ ಅಂದಾಜು ಹೇಳತೊಡಗುತ್ತಾರೆ.

ಹೀಗೆ ಬೆಂಕಿಯ ಮುಂದೆ ಕೂತವರು ಮರುದಿನ ಮಣ್ಣು ಮುಟ್ಟುವ ರೀತಿಯೇ ಬೇರೆ. ಪಾಂಡಿಚೇರಿಯಲ್ಲಿ 1971ರಲ್ಲಿ ಡೆಬೊರಾ ಸ್ಮಿತ್ ಅವರೊಂದಿಗೆ ಗೋಲ್ಡನ್ ಬ್ರಿಜ್ ಪಾಟರಿಯನ್ನು ಆರಂಭಿಸಿದ ರೇ ಮೀಕರ್ ಅವರು ಮುಂದೆ ಹಸಿ ಇಟ್ಟಿಗೆಯ ಮನೆಯನ್ನೇ ಕಟ್ಟಿ, ಅದರೊಳಗೆ ಇಟ್ಟಿಗೆ, ಪಾತ್ರೆಗಳನ್ನು ತುಂಬಿ, ಇಡೀ ಮನೆಯನ್ನೇ ಗೂಡಾಗಿಸಿ ಸುಟ್ಟರು. ಅಂಥ ಮನೆಯ ಗೋಡೆಯನ್ನು ಎಬ್ಬಿಸುವವನು ಪ್ರತಿ ಇಟ್ಟಿಗೆ ಇಡುವಾಗಲೂ ಬೆಂಕಿ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂದು ಯೋಚಿಸಲೇಬೇಕು. ನಾನು ಒಂದು ಅಡಿಯ ಶಿಲ್ಪ ಮಾಡುವವರಿಂದಲೂ ಇದೇ ಯೋಚನೆಯನ್ನು ಬಯಸುತ್ತೇನೆ.

ನಮ್ಮಲ್ಲಿಗೆ ಹರಿಹರದ ಕಡೆಯ ಒಂದು ಹಳ್ಳಿಯಿಂದ ಕುಂಬಾರಿಕೆಯ ಅಜ್ಜರೊಬ್ಬರು ಬರುತ್ತಾರೆ. ತಿಗರಿಯ ಮೇಲೆ ಎತ್ತಿದ ದಪ್ಪ ಗಡಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಒಳಗೆ ಕಲ್ಲಿನ ಗುಂಡು, ಹೊರಗೆ ಮರದ ಹಲಗೆ ಹಿಡಿದು ತಟ್ಟುತ್ತಾ ತಟ್ಟುತ್ತಾ ಅದನ್ನು ಹಿಗ್ಗಿಸಿ ತೆಳ್ಳಗೆ ಮಾಡುವುದನ್ನು ಅವರು ಕಲಿಸುತ್ತಾರೆ. ಪೊಳ್ಳು ಶಿಲ್ಪಕ್ಕೆ ಇದಕ್ಕಿಂತ ಉತ್ತಮ ಪಾಠವನ್ನು ನಾನು ಬೇರೆಲ್ಲೂ ಕಂಡಿಲ್ಲ. ಅವರ ಕುಂಬಾರಿಕೆಯ ಗೂಡು ಕೆಲವೇ ಗಂಟೆಗಳಲ್ಲಿ ಉರಿದು ಮುಗಿಯುತ್ತದೆ. ನಮ್ಮ ಶಿಲ್ಪವನ್ನು ಹಾಗೆ ಸುಟ್ಟರೆ ಚೂರೂ ಉಳಿಯದು. ಅಜ್ಜರ ಗಡಿಗೆ ಉಳಿಯುವುದೇಕೆ ಎಂದು ವಿದ್ಯಾರ್ಥಿಗಳನ್ನು ಕೇಳುತ್ತೇನೆ. ತೆಳು ಗೋಡೆ, ಮಣ್ಣಿಗೆ ಬೆರೆಸಿದ ಮರಳು, ಆವಿ ಹೊರಹೋಗಲು ಬಿಟ್ಟ ಸಣ್ಣ ಸಣ್ಣ ರಂಧ್ರಗಳು, ಇವೇ ಅದನ್ನು ಕಾಪಾಡುತ್ತವೆ, ಕುಡಿಯುವ ನೀರನ್ನು ತಂಪಾಗಿಡುವುದೂ ಅದೇ ರಂಧ್ರಗಳು. ನಿನ್ನ ಊರಿನಲ್ಲೂ ಇಂಥವರು ಯಾರಾದರೂ ಇದ್ದೇ ಇರುತ್ತಾರೆ. ಕರೆಸು, ಪ್ರದರ್ಶನಕ್ಕೆಂದು ಒಂದು ದಿನ ಕೂರಿಸಿ ಶಾಲು ಹೊದಿಸಿ ಕಳಿಸಬೇಡ. ಅತಿಥಿ ಉಪನ್ಯಾಸಕರಿಗೆ ಕೊಡುವಷ್ಟೇ ಸಂಭಾವನೆ ಕೊಟ್ಟು, ಗುರುವಿನ ಸ್ಥಾನದಲ್ಲಿಟ್ಟು ಕಲಿಸಲು ಕೇಳು. ಕಲಾಶಾಲೆಗಳು ಈ ವಿಷಯದಲ್ಲಿ ತೋರುವ ಉದಾಸೀನ ನನಗೆ ನೋವು ಕೊಡುತ್ತದೆ.

ಹಾಗೆಯೇ, ಚಿತ್ರದುರ್ಗ ನಮಗೆ ಹತ್ತಿರವಿರುವುದು ದೊಡ್ಡ ಅನುಕೂಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲೂ, ಕೋಟೆಯ ಪಕ್ಕದ ಚಂದ್ರವಳ್ಳಿಯಲ್ಲೂ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಉತ್ಖನನ ನಡೆಸಿದರು. ಬ್ರಹ್ಮಗಿರಿಯ ಬೃಹತ್ ಶಿಲಾ ಸಮಾಧಿಗಳಲ್ಲಿ ಒಳಗೆ ಕಪ್ಪು, ಹೊರಗೆ ಕೆಂಪು ಇರುವ ಮಡಕೆಗಳು ಸಿಕ್ಕಿದವು. ಚಂದ್ರವಳ್ಳಿಯಲ್ಲಿ ಬಿಳಿ ಗೆರೆಗಳನ್ನು ಎಳೆದು ಅದರ ಮೇಲೆ ಕಾವಿಬಣ್ಣದ ಲೇಪ ಕೊಟ್ಟ ಪಾತ್ರೆಗಳು ಸಿಕ್ಕಿದವು. ಒಂದೇ ಮಡಕೆಯಲ್ಲಿ ಎರಡು ಬಣ್ಣ ಬರುವುದು ಬೆಂಕಿಯ ಕೆಲಸ. ಗಾಳಿ ಆಡಿದ ಕಡೆ ಮಣ್ಣಿನ ಕಬ್ಬಿಣ ಕೆಂಪಾಗುತ್ತದೆ, ಗಾಳಿ ಸಿಗದೆ ಹೊಗೆ ತುಂಬಿದ ಕಡೆ ಇಂಗಾಲ ಹೀರಿ ಕಪ್ಪಾಗುತ್ತದೆ. ಬಟ್ಟಲುಗಳೊಳಗೆ ಭತ್ತದ ಹೊಟ್ಟು ತುಂಬಿ ಬೋರಲು ಹಾಕಿ ಸುಟ್ಟು ನಾವೂ ಇದನ್ನು ಮಾಡಿ ನೋಡುತ್ತೇವೆ. ತಮ್ಮ ಜಿಲ್ಲೆಯ ಮಗ್ಗುಲಲ್ಲೇ ಎರಡು ಸಾವಿರ ವರ್ಷಗಳ ಹಿಂದೆ ಯಾರೋ ಇದನ್ನು ಅರಿತಿದ್ದರು ಎಂಬುದು, ಆ ಕಪ್ಪು-ಕೆಂಪು ಅಂಚನ್ನು ತಾವೇ ಪಡೆದ ದಿನ, ವಿದ್ಯಾರ್ಥಿಗಳಿಗೆ ಪುಸ್ತಕದ ಮಾತಾಗಿ ಉಳಿಯುವುದಿಲ್ಲ.

ಹೊಟ್ಟಿನ ಮಾತು ಬಂದಿದ್ದರಿಂದ ಇದನ್ನೂ ಹೇಳುತ್ತೇನೆ. ಭದ್ರಾ ನಾಲೆಯ ಭತ್ತದಿಂದಾಗಿ ನಮ್ಮಲ್ಲಿ ಅಕ್ಕಿ ಗಿರಣಿಗಳಿಗೆ ಕೊರತೆಯಿಲ್ಲ, ಬಾಯ್ಲರಿನಿಂದ ತೆಗೆದ ಹೊಟ್ಟಿನ ಬೂದಿಗೂ ಕೊರತೆಯಿಲ್ಲ. ಆ ಬೂದಿಯಲ್ಲಿ ಶೇಕಡಾ 85ಕ್ಕೂ ಹೆಚ್ಚು ಸಿಲಿಕಾ, ಅಂದರೆ ಗಾಜಾಗುವ ಅಂಶ, ಇರುತ್ತದೆ. ಕಪ್ಪು ಹೋಗುವ ತನಕ ಮತ್ತೆ ಸುಟ್ಟು, ಜರಡಿ ಹಿಡಿದು, ಗ್ಲೇಜ್ ಕರಗಲು ನೆರವಾಗುವ ಖನಿಜ ಫೆಲ್ಡ್‌ಸ್ಪಾರ್ ಮತ್ತು ಕಟ್ಟಿಗೆಯ ಬೂದಿಯೊಂದಿಗೆ ಸಮಪಾಲು ಬೆರೆಸಿ 1,280 ಡಿಗ್ರಿಯ ಆಸುಪಾಸಿನಲ್ಲಿ ಸುಟ್ಟರೆ ಹಾಲಿನಂಥ ಬಿಳಿ ಗ್ಲೇಜ್ ಬರುತ್ತದೆ. ಕಟ್ಟಿಗೆಯ ಬೂದಿ ಮರಕ್ಕೆ ತಕ್ಕಂತೆ ಬದಲಾಗುವುದರಿಂದ ಪ್ರತಿ ಚೀಲಕ್ಕೂ ಹೊಸ ಪರೀಕ್ಷೆ ಬೇಕು. ಡಬ್ಬಿಯಲ್ಲಿ ಸಿದ್ಧವಾಗಿ ಬರುವ ಗ್ಲೇಜನ್ನು ಮೊದಲ ವರ್ಷ ಕೊಠಡಿಯೊಳಗೆ ಬಿಡಬೇಡ.

ವಿದ್ಯಾರ್ಥಿಯ ಶಿಲ್ಪವನ್ನು ಮೇಷ್ಟ್ರು ಕೈಯಿಂದ ತಿದ್ದುವ ರೂಢಿ ನಮ್ಮಲ್ಲಿ ಆಳವಾಗಿದೆ. ನಾನು ಅದನ್ನು ಒಪ್ಪುವುದಿಲ್ಲ. ನನ್ನ ಬೆರಳು ಒತ್ತಿದ ಜಾಗದಲ್ಲಿ ಗೋಡೆಯ ದಪ್ಪ ಬದಲಾಗಿರುತ್ತದೆ, ಅದು ಮಾಡಿದವರಿಗೆ ಗೊತ್ತಿರುವುದಿಲ್ಲ, ಗೂಡಿನಲ್ಲಿ ಅಲ್ಲೇ ಬಿರುಕು ಬಂದರೆ ಅವರು ಕಲಿಯುವುದಾದರೂ ಏನು? ತೋರಿಸಬೇಕಾದರೆ ಪಕ್ಕದಲ್ಲಿ ಬೇರೆ ಮಣ್ಣು ತೆಗೆದುಕೊಂಡು ತೋರಿಸಿ, ತೋರಿಸಿದ್ದನ್ನು ಮತ್ತೆ ತೊಟ್ಟಿಗೆ ಹಾಕು. ಒಡೆದ ಶಿಲ್ಪಗಳನ್ನು ಮಾತ್ರ ಎಸೆಯಬೇಡ. ನಮ್ಮಲ್ಲಿ ಅವಕ್ಕೊಂದು ಕಪಾಟು ಇದೆ. ಒಡೆದ ಬಾಯಲ್ಲಿ ಗೋಡೆಯ ದಪ್ಪ, ಬೆಸುಗೆ, ಬೇಯದೆ ಉಳಿದ ಕಪ್ಪು ತಿರುಳು ಎಲ್ಲವೂ ಕಾಣುವುದರಿಂದ ಹೊಸಬರ ಮೊದಲ ವಾರದ ಪಾಠ ಅದರ ಮುಂದೆಯೇ ನಡೆಯುತ್ತದೆ.

ಆರೋಗ್ಯದ ಮಾತನ್ನು ಗಟ್ಟಿಯಾಗಿ ಹೇಳಲೇಬೇಕು. ಒಣ ಮಣ್ಣಿನ ಧೂಳಿನಲ್ಲಿರುವ ಸಿಲಿಕಾ ಶ್ವಾಸಕೋಶ ಸೇರಿ ಸಿಲಿಕೋಸಿಸ್ ತರುತ್ತದೆ, ಅದಕ್ಕೆ ಗುಣವಾಗುವ ಮದ್ದಿಲ್ಲ. ಕೊಠಡಿಯಲ್ಲಿ ಪೊರಕೆ ಇರಕೂಡದು. ನೆಲವನ್ನು ಒದ್ದೆ ಬಟ್ಟೆಯಿಂದಲೇ ಒರೆಸಬೇಕು. ಪುಡಿ ತೂಗುವಾಗ ಮಾಸ್ಕ್ ಕಡ್ಡಾಯ. ಸೀಸ ಬೆರೆತ ಗ್ಲೇಜ್ ತರಲೇಬೇಡ.

ಇನ್ನು ನಿನ್ನ ಮೊದಲೆರಡು ಪ್ರಶ್ನೆಗಳು. ಗೂಡು ಗ್ಯಾಸಿನದೇ ಇರಲಿ. ಕರೆಂಟಿನ ಗೂಡು ಸುಲಭ, ಆದರೆ ಗುಂಡಿ ಒತ್ತಿ ಮನೆಗೆ ಹೋಗುವ ಅಭ್ಯಾಸವನ್ನೂ ಅದೇ ಕಲಿಸುತ್ತದೆ. ಗ್ಯಾಸ್ ಗೂಡಿನಲ್ಲಿ ಗಾಳಿಯನ್ನು ಹೆಚ್ಚು ಕಡಿಮೆ ಮಾಡಬಹುದು. ತಾಮ್ರ ಬೆರೆಸಿದ ಒಂದೇ ಗ್ಲೇಜ್ ಗಾಳಿ ಧಾರಾಳವಾಗಿದ್ದಾಗ ಹಸಿರು, ಗಾಳಿ ಕಡಿಮೆ ಮಾಡಿದಾಗ ಕೆಂಪು ಆಗುವುದನ್ನು ಮಕ್ಕಳು ಕಣ್ಣಾರೆ ನೋಡಲಿ. ಗಾಳಿ ಕಡಿಮೆ ಮಾಡಿದಾಗ ಕಾರ್ಬನ್ ಮಾನಾಕ್ಸೈಡ್ ಹೊರಬರುವುದರಿಂದ ಗೂಡನ್ನು ಕೊಠಡಿಯೊಳಗೆ ಇಡದೆ ಹೊರಗೆ, ತೆರೆದ ಚಪ್ಪರದಡಿ ಕೂರಿಸು. ಬಾಲ್ ಕ್ಲೇ ಎಂಬ ಜಿಗುಟು ಮಣ್ಣು, ಬಿಳಿ ಜೇಡಿ ಹೊರಗಿನಿಂದ ತರಿಸಲೇಬೇಕಾಗುತ್ತದೆ. ಆದರೆ ಅದಕ್ಕಿಂತ ಮೊದಲು ಊರಿನ ಕೆರೆಮಣ್ಣನ್ನು ಪರೀಕ್ಷಿಸು. ಚಳ್ಳಕೆರೆ, ಹಿರಿಯೂರು ಕಡೆಯ ಎರೆಮಣ್ಣಿನಂತೆ ವಿಪರೀತ ಹಿಗ್ಗಿ ಕುಗ್ಗುವ ಮಣ್ಣಾದರೆ ಒಂಟಿಯಾಗಿ ಕೆಲಸಕ್ಕೆ ಬಾರದು, ಮರಳು ಅಥವಾ ಸುಟ್ಟ ಮಣ್ಣಿನ ಪುಡಿ ಬೆರೆಸಬೇಕು. ಹಸಿ ಪಟ್ಟಿಯೊಂದರ ಮೇಲೆ ಸರಿಯಾಗಿ 10 ಸೆಂಟಿಮೀಟರ್ ಗೆರೆ ಎಳೆದು, ಒಣಗಿದ ಮೇಲೊಮ್ಮೆ, ಸುಟ್ಟ ಮೇಲೊಮ್ಮೆ ಅಳೆ. ಗೆರೆ ಕುಗ್ಗಿದ ಒಂದೊಂದು ಮಿಲಿಮೀಟರೂ ಶೇಕಡಾ ಒಂದು.

ದಸರಾ ರಜೆಯಲ್ಲಿ ನಮ್ಮಲ್ಲಿ ದೊಡ್ಡ ಗೂಡು ಉರಿಯುತ್ತದೆ. ನಿನ್ನ ಇಬ್ಬರು ಮೂವರು ವಿದ್ಯಾರ್ಥಿಗಳನ್ನು ಕರೆದುಕೊಂಡು ಬಾ. ಊಟ, ವಸತಿ ಸ್ಟುಡಿಯೊದಲ್ಲೇ ಆಗುತ್ತದೆ. ಹತ್ತಿ ಬಟ್ಟೆ, ಮುಚ್ಚಿದ ಚಪ್ಪಲಿ ಇರಲಿ, ನೈಲಾನ್ ಬೇಡ. ಬರುವಾಗ ನಿನ್ನೂರಿನ ಕೆರೆಮಣ್ಣು ಒಂದು ಚೀಲ ತಂದರೆ ಪಟ್ಟಿಗಳನ್ನು ಇಲ್ಲಿಯೇ ಮಾಡಿ, ಒಣಗಿಸಿ, ನಮ್ಮ ಗೂಡಿನ ಮೇಲಿನ ಹಲಗೆಯಲ್ಲಿ ಸುಟ್ಟು ನೋಡೋಣ.

ಇಂತಿ ನಿನ್ನ ಗೆಳೆಯ