ಕಾಫಿ ತಕ್ಕಡಿ ಮೇಲೆ ಕಾರು

ಮಾನ್ಯ ಸಂಪಾದಕರೆ,

ಹಳೆ ಕಾರನ್ನು ರೇಸಿಗೆ ಸಿದ್ಧ ಮಾಡುವುದರ ಬಗ್ಗೆ ನಿಮ್ಮ ವಾಹನ ಪುಟದಲ್ಲಿ ಬಂದ ಲೇಖನ ಓದಿದೆ. ಪುಟದ ತುಂಬಾ ಹಾರ್ಸ್‌ಪವರ್ ಮಾತು, ತೂಕಕ್ಕೆ ಒಂದೇ ಸಾಲು. ಹಾಗೇ ಯೋಚಿಸಿ ದುಡ್ಡು ಕಳೆದುಕೊಂಡವನು ನಾನು, ಅದಕ್ಕೇ ಬರೆಯುತ್ತಿದ್ದೇನೆ.

ನನ್ನದು ಮಾರುತಿ 800. 796 ಸಿಸಿ, ಮೂರು ಸಿಲಿಂಡರ್, ಸುಮಾರು 37 ಹಾರ್ಸ್‌ಪವರ್. ಕಾರು 650 ಕೆ.ಜಿ., ನಾನು 90. ಕಡುಬು, ಹಂದಿ ಸಾರಿನ ಮಹಿಮೆ, ಬಿಡಿ. ಒಟ್ಟು 740, ಅಂದರೆ ಟನ್ನಿಗೆ 50 ಹಾರ್ಸ್‌ಪವರ್. ಒಂದು ಗ್ಯಾರೇಜಿನವರು ಎಂಜಿನ್ನಿನ ಮೇಲ್ಭಾಗದ ಹೆಡ್ ಉಜ್ಜಿ, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರ್ ಬದಲಿಸಿ 4 ಹಾರ್ಸ್‌ಪವರ್ ಜಾಸ್ತಿ ಮಾಡಿಕೊಟ್ಟರು. ಆ ವರ್ಷದ ಕಾಳುಮೆಣಸಿನ ದುಡ್ಡು ಅಲ್ಲಿಗೆ ಹೋಯಿತು. ಲೆಕ್ಕ ಹಾಕಿದರೆ, ಸುಮಾರು 72 ಕೆ.ಜಿ. ಇಳಿಸಿದ್ದರೂ ಅಷ್ಟೇ ಲಾಭ ಸಿಗುತ್ತಿತ್ತು. ಅದೂ ಅಲ್ಲದೆ, ಪವರ್ ಇರುವುದು ಆಕ್ಸಿಲರೇಟರ್ ತುಳಿದಾಗ ಮಾತ್ರ. ಹಗುರ ಕಾರು ಬ್ರೇಕ್ ಹಿಡಿದಾಗಲೂ, ತಿರುವಿನಲ್ಲೂ ನಿಮ್ಮ ಕಡೆಗೇ ಇರುತ್ತದೆ.

ಸರಿ ಅಂತ ಹಿಂದಿನ ಸೀಟು, ಸ್ಟೆಪ್ನಿ, ಜಾಕಿ, ಮ್ಯಾಟು ಎಲ್ಲ ಕಿತ್ತು ಎಸೆದೆ. ಕೊಯ್ಲಾದ ಗದ್ದೆಯಲ್ಲಿ ಆಟೋಕ್ರಾಸ್, ಅಂದರೆ ಮಣ್ಣಿನ ಹಾದಿಯಲ್ಲಿ ಗಡಿಯಾರದ ವಿರುದ್ಧ ಓಡಿಸುವ ರೇಸು. ಎರಡನೇ ತಿರುವಿನಲ್ಲಿ ಬ್ರೇಕ್ ಒತ್ತಿದೆ ನೋಡಿ, ಕಾರಿನ ಹಿಂಭಾಗ ಗಿರ್ರನೆ ತಿರುಗಿ ಬದುವಿಗೆ ಬಡಿಯಿತು.

ಯಾಕೆ ಅಂತ ಗೊತ್ತಾಗಿದ್ದು ನಮ್ಮ ಕಣದಲ್ಲಿ. ಕಾಫಿ ಮೂಟೆ ತೂಗುವ ತಕ್ಕಡಿಯ ಮೇಲೆ ಒಂದೊಂದೇ ಚಕ್ರ ಇಟ್ಟು ತೂಗಿದೆ. ಉಳಿದ ಮೂರು ಚಕ್ರದ ಕೆಳಗೆ ಅಷ್ಟೇ ಎತ್ತರದ ಹಲಗೆ ಇಡಬೇಕು, ಇಲ್ಲದಿದ್ದರೆ ಲೆಕ್ಕ ಸುಳ್ಳಾಗುತ್ತದೆ. ನಾನು ಕೂರದೆ, ಮುಂದಿನ ಎರಡು ಚಕ್ರ ಸೇರಿ 400 ಕೆ.ಜಿ., ಹಿಂದಿನ ಎರಡು ಸೇರಿ ಬರೀ 190! ಇಳಿಸಿದ ಭಾರವೆಲ್ಲ ಹಿಂದಿನದೇ ಆಗಿತ್ತು. ಫ್ರಂಟ್ ವೀಲ್ ಡ್ರೈವ್, ಅಂದರೆ ಎಂಜಿನ್ ಮುಂದಿನ ಚಕ್ರಗಳನ್ನು ತಿರುಗಿಸುವ ಕಾರಿಗೆ ಮುಂದೆ ಭಾರ ಬೇಕು ನಿಜ, ಇಲ್ಲದಿದ್ದರೆ ಮಣ್ಣಿನಲ್ಲಿ ಚಕ್ರ ಸುಮ್ನೆ ಸುತ್ತುತ್ತದೆ. ಆದರೆ ಬ್ರೇಕ್ ಒತ್ತಿದಾಗ ಭಾರ ಇನ್ನಷ್ಟು ಮುಂದಕ್ಕೆ ಸರಿಯುತ್ತದೆ. ಮೊದಲೇ ಹಗುರವಾದ ಹಿಂದಿನ ಚಕ್ರಕ್ಕೆ ನೆಲ ಹಿಡಿಯಲು ಏನು ಉಳಿಯಿತು?

ಬ್ಯಾಟರಿಯನ್ನು ಹಿಂದಕ್ಕೆ ಕಟ್ಟಿದೆ. ಮುಂದಿನ ಬಂಪರ್ ಬಿಚ್ಚಿದೆ. ಹಿಂದಿನ ಡ್ರಮ್ ಬ್ರೇಕಿನ ಹಿಡಿತ ಸ್ವಲ್ಪ ಕಡಿಮೆ ಮಾಡಿಸಿದೆ. ಕಾರು ಮಗುಚಿದರೆ ಕಾಯುವ ಕಬ್ಬಿಣದ ಪಂಜರ, ರೋಲ್ ಕೇಜ್, ಹಾಕಿಸಿದ ಮೇಲೆ 30 ಕೆ.ಜಿ. ವಾಪಸ್ ಬಂತು. ಅದಕ್ಕೆ ಬೇಜಾರಿಲ್ಲ, ತಲೆ ಉಳಿಸುವ ತೂಕ ಅದು. ಫಾರ್ಮುಲಾ 1ರಲ್ಲೇ 2019ರಲ್ಲಿ ಚಾಲಕ ಮತ್ತು ಸೀಟು ಸೇರಿ 80 ಕೆ.ಜಿ. ಇರಲೇಬೇಕು ಅಂತ ನಿಯಮ ತಂದರು, ಕಡಿಮೆಯಾದರೆ ಸೀಟಿನ ಹತ್ತಿರ ಭಾರ ಇಡುತ್ತಾರೆ. ಹಗುರಾಗಲು ಊಟ ಬಿಡುವುದು ತಪ್ಪಲಿ ಅಂತ. ನನಗಂತೂ ಆ ಚಿಂತೆ ಇಲ್ಲ.

ಮುಂದಿನ ಸಲ ಕಾರಿನ ಹಾರ್ಸ್‌ಪವರ್ ಬರೆಯುವಾಗ ನಾಲ್ಕೂ ಚಕ್ರದ ತೂಕವನ್ನೂ ಪಕ್ಕದಲ್ಲೇ ಹಾಕಿಸಿ. ನಿಮ್ಮ ಲೇಖಕರಿಗೆ ತಕ್ಕಡಿ ಬೇಕಿದ್ದರೆ ನಮ್ಮ ಕಣಕ್ಕೆ ಬರಲಿ. ಕೊಯ್ಲು ಮುಗಿದ ಮೇಲೆ, ಆಗ ತಕ್ಕಡಿ ಖಾಲಿ ಇರುತ್ತದೆ.

— ಹಳೆಯ ಆಟೋಕ್ರಾಸ್ ಚಾಲಕ, ಮೂಡಿಗೆರೆ