ವಾನರಗಳ ಕ್ಷೇತ್ರಾಧ್ಯಯನ ಹತ್ತನೆಯ ತರಗತಿಗೆ ಬರಲಿ: ಶಾಲಾ ಶಿಕ್ಷಣ ಸಚಿವರಿಗೆ ಬಹಿರಂಗ ಪತ್ರ

ಮಹಾರಾಷ್ಟ್ರ ಸರ್ಕಾರದ ಸನ್ಮಾನ್ಯ ಶಾಲಾ ಶಿಕ್ಷಣ ಸಚಿವರಿಗೆ ಗೌರವಪೂರ್ವಕ ವಂದನೆಗಳು.

ಮುಂಬಯಿಯ ಕನ್ನಡ ಮಾಧ್ಯಮ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವ ನಾನು, ಬಾಲಭಾರತಿಯ ಹತ್ತನೆಯ ತರಗತಿಯ ಪುಸ್ತಕದಲ್ಲಿರುವ ಅನುವಂಶಿಕತೆ ಮತ್ತು ವಿಕಾಸದ ಪಾಠದ ಕುರಿತು ತಮಗೆ ಬರೆಯುತ್ತಿದ್ದೇನೆ. ಮನುಷ್ಯನ ಪೂರ್ವಜರ ಹೆಸರುಗಳನ್ನು ಮಕ್ಕಳು ಬಾಯಿಪಾಠ ಮಾಡುತ್ತಾರೆ. ಆದರೆ ಜೀವಂತ ವಾನರಗಳ ಹಿಂದೆ ವರ್ಷಗಟ್ಟಲೆ ಅಲೆದ ವಿಜ್ಞಾನಿಗಳು ಏನನ್ನು ಕಂಡರು, ಅದನ್ನು ಹೇಗೆ ಬರೆದಿಟ್ಟರು, ಅದರ ಅರ್ಥಕ್ಕಾಗಿ ಹೇಗೆ ವಾದಿಸಿದರು ಎಂಬುದು ಅವರ ಕಣ್ಣಿಗೆ ಬೀಳುವುದೇ ಇಲ್ಲ. ಆ ಕ್ಷೇತ್ರಾಧ್ಯಯನವನ್ನೇ ಪಾಠದ ಭಾಗವಾಗಿಸಬೇಕೆಂಬುದು ನನ್ನ ಕೋರಿಕೆ.

ಉದಾಹರಣೆಗಾಗಿ ಆಫ್ರಿಕಾಕ್ಕೆ ಹೋಗಬೇಕಿಲ್ಲ. ನಮ್ಮ ಎಷ್ಟೋ ಮಕ್ಕಳ ಅಜ್ಜ ಅಜ್ಜಿಯರ ಸೀಮೆಯಾದ ಧಾರವಾಡದ ಕಾಡುಗಳಲ್ಲಿ, 1960ರ ದಶಕದ ಆರಂಭದಲ್ಲಿ, ಜಪಾನಿನ ವಿಜ್ಞಾನಿ ಯುಕಿಮಾರು ಸುಗಿಯಾಮಾ ಮುಸಿಯಗಳನ್ನು, ಅಂದರೆ ಕಪ್ಪು ಮುಖದ, ಉದ್ದ ಬಾಲದ ಮಂಗಗಳನ್ನು, ಅಭ್ಯಸಿಸಿದರು. ಹೊರಗಿನ ಗಂಡುಗಳು ಗುಂಪಿನ ಯಜಮಾನನನ್ನು ಓಡಿಸಿದ ಬಳಿಕ ಎಳೆಯ ಮರಿಗಳು ಹತ್ಯೆಗೀಡಾದುದನ್ನು ಅವರು ದಾಖಲಿಸಿದರು. 1970ರ ದಶಕದಲ್ಲಿ ಮೌಂಟ್ ಅಬುವಿನ ಮುಸಿಯಗಳನ್ನು ಗಮನಿಸಿದ ಅಮೆರಿಕದ ವಿಜ್ಞಾನಿ ಸಾರಾ ಹರ್ಡಿ, ಮರಿ ಕಳೆದುಕೊಂಡ ತಾಯಿ ಬೇಗನೆ ಮತ್ತೆ ಗರ್ಭ ಧರಿಸುವುದರಿಂದ ಗುಂಪಿಗೆ ಬಂದ ಹೊಸ ಗಂಡಿನ ಸಂತಾನಕ್ಕೆ ಈ ಮರಿಹತ್ಯೆ ಅನುಕೂಲವೆಂದು ವಿವರಿಸಿದರು. ಜನರ ಹಾವಳಿ ಮತ್ತು ದಟ್ಟಣೆಯಿಂದ ಹುಟ್ಟಿದ ವಿಕೃತಿಯಷ್ಟೇ ಇದೆಂದು ಬೇರೆಯವರು ಪಟ್ಟು ಹಿಡಿದರು. 1999ರಲ್ಲಿ ಪ್ರಕಟವಾದ ನೇಪಾಳದ ರಾಮನಗರದ ಡಿಎನ್‌ಎ ಪರೀಕ್ಷೆಗಳು, ಮರಿಗಳ ಮೇಲೆ ಎರಗಿದ ಗಂಡುಗಳು ಅವುಗಳ ತಂದೆಯರಲ್ಲವೆಂದು ತೋರಿಸಿ ಹರ್ಡಿಯವರ ವಾದಕ್ಕೆ ಬಲ ಕೊಟ್ಟವು. ವಿಷಯ ಕಠೋರವಾದದ್ದು, ನಿಜ. ಆದರೆ ಡಿಎನ್‌ಎ, ಅನುವಂಶಿಕತೆ, ನೈಸರ್ಗಿಕ ಆಯ್ಕೆ ಮೂರೂ ಒಂದೇ ಪ್ರಶ್ನೆಯಲ್ಲಿ ಕೂಡಿಬರುವ ಇಂಥ ಪಾಠವನ್ನು ಹದಿನೈದರ ಹರೆಯದವರಿಂದ ಮುಚ್ಚಿಡುವುದು ಸರಿಯಲ್ಲವೆಂದು ನಾನು ದೃಢವಾಗಿ ನಂಬುತ್ತೇನೆ.

ಪ್ರಯೋಗಕ್ಕೂ ಖರ್ಚಿಲ್ಲ. ಪ್ರಾಣಿವರ್ತನೆಯನ್ನು ದಾಖಲಿಸುವ ವಿಧಾನಗಳನ್ನು 1974ರಲ್ಲಿ ಜೀನ್ ಆಲ್ಟ್‌ಮನ್ ಕ್ರಮಬದ್ಧಗೊಳಿಸಿದರು. ಒಂದೇ ಪ್ರಾಣಿಯನ್ನು ಆರಿಸಿಕೊಂಡು, ಗೊತ್ತುಪಡಿಸಿದ ಅವಧಿಯಲ್ಲಿ ಅದು ಮಾಡಿದ್ದನ್ನೆಲ್ಲ ಬರೆಯುವ ವಿಧಾನಕ್ಕೆ ಗಡಿಯಾರ, ಪೆನ್ಸಿಲು, ನೋಟುಬುಕ್ಕು ಸಾಕು. ಬೋರಿವಲಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿ ಮಂಗಗಳಿಗೆ ಬರವಿಲ್ಲ. ‘ಮಂಗಕ್ಕೆ ಸಿಟ್ಟು ಬಂತು’ ಎಂದು ಬರೆದ ಹುಡುಗಿ ಅದನ್ನು ಹೊಡೆದುಹಾಕಿ, ‘ಬಾಯಿ ತೆರೆದು ದಿಟ್ಟಿಸಿತು, ಎದುರಿನದು ಹಿಂದೆ ಸರಿಯಿತು’ ಎಂದು ತಿದ್ದಿ ಬರೆದಾಗ, ಕಂಡದ್ದೇನು, ಊಹಿಸಿದ್ದೇನು ಎಂಬುದು ಅವಳಿಗೆ ತಾನಾಗಿಯೇ ತಿಳಿಯುತ್ತದೆ.

ಆದ್ದರಿಂದ ಮುಂದಿನ ಪಠ್ಯ ಪರಿಷ್ಕರಣೆಯಲ್ಲಿ ಧಾರವಾಡದಂಥ ಒಂದು ಅಧ್ಯಯನವನ್ನು ಅದರ ವಾದವಿವಾದಗಳ ಸಮೇತ ಸೇರಿಸಬೇಕು. ವೀಕ್ಷಣೆಯ ದಾಖಲೆಗೆ ಆಂತರಿಕ ಮೌಲ್ಯಮಾಪನದಲ್ಲಿ ಅಂಕ ಕೊಡಬೇಕು. ತಿಂಡಿ ಹಾಕದೆ, ಹತ್ತಿರ ಹೋಗದೆ ಗಮನಿಸುವ ನಿಯಮಗಳನ್ನು ಅರಣ್ಯ ಇಲಾಖೆಯೊಡನೆ ಸೇರಿ ರೂಪಿಸಬೇಕು. ಉದ್ಯಾನಕ್ಕೆ ಬರಲಾಗದ ಶಾಲೆಗಳಿಗೆ ಪುಸ್ತಕದಲ್ಲೇ ಒಂದು ಪುಟ ನೈಜ ದಾಖಲೆ ಸಿಗಲಿ. ಮರಾಠಿ ಆವೃತ್ತಿಯೊಂದಿಗೇ ಕನ್ನಡ ಆವೃತ್ತಿಯಲ್ಲೂ ಇದು ಬರಬೇಕೆಂದು ವಿನಂತಿಸುತ್ತೇನೆ.

ತಮ್ಮ ವಿಶ್ವಾಸಿ,
ಮುಂಬಯಿಯ ಒಬ್ಬ ಕನ್ನಡ ಶಿಕ್ಷಕಿ